ಸಹಾಯ ಬೇಕು: ಸಿಂಕ್ ಆನ್ ಇದ್ದಾಗ ಕ್ರಾಸ್ ಮಾಡ್ಯುಲೇಶನ್‌ಗೆ ಶ್ರುತಿ ಯಾಕೆ ಕೆಡಲ್ಲ?

ಎಲ್ಲರಿಗೂ ನಮಸ್ಕಾರ, ತುಮಕೂರಿನಿಂದ ಬರೆಯುತ್ತಿದ್ದೇನೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಈಚೆಗೆ ಸೆಕೆಂಡ್ ಹ್ಯಾಂಡ್ ಕಾರ್ಗ್ ಮಿನಿಲಾಗ್ ಸಿಂಥಸೈಜರ್ ತಗೊಂಡೆ; ಅದರಲ್ಲಿ ಎರಡು ಆಸಿಲೇಟರ್, ಅಂದರೆ ಸ್ವರದ ಅಲೆ ಹುಟ್ಟಿಸುವ ಭಾಗಗಳು, ಇವೆ.

ಸಿಂಕ್ ಅಷ್ಟಿಷ್ಟು ಅರ್ಥವಾಗಿದೆ. ಒಂದನೇ ಆಸಿಲೇಟರ್‌ನ ಒಂದು ಸುತ್ತು ಮುಗಿದ ತಕ್ಷಣ ಎರಡನೆಯದು ಎಲ್ಲಿದ್ದರೂ ಬಿಟ್ಟು ಮತ್ತೆ ಮೊದಲಿಂದ ಶುರು ಮಾಡಬೇಕು, ಒಂದನೆಯದು 110 ಹರ್ಟ್ಸ್‌ನಲ್ಲಿದ್ದರೆ ಸೆಕೆಂಡಿಗೆ 110 ಸಲ ಹೀಗೇ. ಅದಕ್ಕೇ ಎರಡನೆಯದರ ಪಿಚ್ ನಾಬ್ ತಿರುಗಿಸಿದರೂ ಸ್ವರ ಅಲ್ಲೇ ಇರುತ್ತದೆ, ನಾದ ಮಾತ್ರ ಹರಿತವಾಗುತ್ತಾ ಹೋಗುತ್ತದೆ. ಪುಟ್ಟ ಸ್ಕ್ರೀನಿನಲ್ಲಿ ಗರಗಸ ಅಲೆಯ ಕೊನೇ ಹಲ್ಲು ಅರ್ಧಕ್ಕೇ ತುಂಡಾಗಿರುವುದೂ ಕಾಣುತ್ತದೆ (ಒಂದನೆಯದರ ವಾಲ್ಯೂಮ್ ಪೂರ್ತಿ ಇಳಿಸಿ ನೋಡಿ, ಮಜಾ ಇದೆ).

ತಲೆ ಕೆಟ್ಟಿದ್ದು ಕ್ರಾಸ್ ಮಾಡ್ಯುಲೇಶನ್‌ನಲ್ಲಿ, ಅಂದರೆ ಒಂದನೇ ಆಸಿಲೇಟರ್‌ನ ಅಲೆಯಿಂದ ಎರಡನೆಯದರ ಪಿಚ್ ಅಲ್ಲಾಡಿಸುವುದರಲ್ಲಿ. ಸಿಂಕ್ ಆಫ್ ಇಟ್ಟು ಆ ನಾಬ್ ಏರಿಸಿದರೆ ಶ್ರುತಿ ಎಕ್ಕುಟ್ಟಿ ಹೋಗಿ ಕಂಚಿನ ತಟ್ಟೆ ಬಡಿದ ಹಾಗೆ ಕೇಳಿಸುತ್ತದೆ. ಸಿಂಕ್ ಆನ್ ಮಾಡಿದರೆ ಗದ್ದಲ ಜಾಸ್ತಿ ಇದ್ದರೂ ಶ್ರುತಿ ಸರಿ! ಪಿಚ್ ಅಲ್ಲಾಡಿಸುವುದೂ ರೀಸೆಟ್ ಮಾಡುವುದೂ ಅದೇ ಒಂದನೇ ಆಸಿಲೇಟರ್, ಹಾಗಾಗಿ ಪ್ರತಿ ಸುತ್ತೂ ಒಂದೇ ಥರ ಬರುತ್ತದೆ ಅಂತ ನನ್ನ ಊಹೆ. ಸರೀನಾ?

ಇನ್ನೊಂದು. ಎನ್ವಲಪ್‌ನಿಂದ (ಕೀ ಒತ್ತಿದಾಗ ಒಂದು ಸಲ ಏರಿ ಇಳಿಯುವ ಕಂಟ್ರೋಲ್) ಎರಡನೆಯದರ ಪಿಚ್ ಎಳೆದರೆ ಆ ‘ವ್ಯಾಂವ್’ ಅನ್ನೋ ಸಿಂಕ್ ಸದ್ದು ಬರುತ್ತದೆ. ಎಲ್‌ಎಫ್‌ಓ (ಒಂದೇ ಸಮ ನಿಧಾನಕ್ಕೆ ಏರಿಳಿಯುವ ಅಲೆ) ಪಿಚ್‌ಗೆ ಹಾಕಿದರೆ ಎರಡೂ ಒಟ್ಟಿಗೆ ಅಲ್ಲಾಡಿ ಸುಮ್ನೆ ವೈಬ್ರಾಟೋ ಅಷ್ಟೇ. ಎರಡನೆಯದನ್ನು ಮಾತ್ರ ನಿಧಾನಕ್ಕೆ ಅಲ್ಲಾಡಿಸೋಕೆ ಏನಾದರೂ ಉಪಾಯ ಇದೆಯಾ? ವಿಡಿಯೋ ಲಿಂಕ್ ಬೇಡ, ಬೇಕಾದಷ್ಟು ನೋಡಿದ್ದೇನೆ. ಕ್ಯಾತ್ಸಂದ್ರ, ಬಟವಾಡಿ ಕಡೆ ಗೊತ್ತಿರುವವರಿದ್ದರೆ ಹೇಳಿ, ಮಷೀನ್ ಹೊತ್ತುಕೊಂಡು ನಾನೇ ಬರುತ್ತೇನೆ.