ಸಹಾಯ ಬೇಕು: ಜಿಆರ್86 ಕಾರಿಗೆ ಟ್ರ್ಯಾಕ್ ಟೈರ್ ಯಾವುದು?

ಕ್ಯಾಲಿಫೋರ್ನಿಯಾದಲ್ಲಿ ಟ್ರ್ಯಾಕ್‌ಗೆ ಹೋಗೋ ಕನ್ನಡಿಗರಲ್ಲಿ ಒಂದು ಸಲಹೆ ಕೇಳೋದಿತ್ತು. ಕಾರು ಟೊಯೋಟಾ ಜಿಆರ್86, ಕಂಪನಿಯ 18 ಇಂಚಿನ ಚಕ್ರ (ಅಗಲ 7.5), ಟೈರ್ 215/40 ಆರ್18 ಮಿಶೆಲಿನ್ ಪೈಲಟ್ ಸ್ಪೋರ್ಟ್ 4. ಆಫೀಸಿಗೂ ಇದೇ, ಥಂಡರ್‌ಹಿಲ್ ರೇಸ್ ಟ್ರ್ಯಾಕ್‌ಗೂ ಇದೇ. ಇನ್ನೊಂದು ಸೆಟ್ ಇಡೋಕೆ ಜಾಗ ಇಲ್ಲ.

ಟ್ರ್ಯಾಕಲ್ಲಿ ಒಂದು ಸೆಷನ್‌ನ ಅರ್ಧಕ್ಕೆ ಮುಂದಿನ ಟೈರ್ ಕಾದು ಜಾರುತ್ತೆ. ಹೊರ ಅಂಚು ಸವೆದು ಪಕ್ಕದ ತ್ರಿಕೋನ ಗುರುತಿನ ಆಚೆಗೂ ಉಜ್ಜಿದೆ, ಒಳಗಡೆ ಮಾತ್ರ ಹೊಸದರ ಹಾಗಿದೆ. ಕಾರಣ ಗೊತ್ತು: ಮುಂದಿನ ಕ್ಯಾಂಬರ್ (ಎದುರಿಂದ ನೋಡಿದಾಗ ಚಕ್ರ ವಾಲಿರೋ ಕೋನ; ಮೈನಸ್ ಅಂದ್ರೆ ಮೇಲ್ಭಾಗ ಒಳಕ್ಕೆ) ಹೆಚ್ಚುಕಮ್ಮಿ ಸೊನ್ನೆ. ಕ್ಯಾಂಬರ್ ಬೋಲ್ಟ್ ಹಾಕಿಸಿ ಮೈನಸ್ 1.5 ಡಿಗ್ರಿಗೆ ತರಿಸ್ತೀನಿ. ಅದಿಲ್ಲದೆ ಎಷ್ಟೇ ದುಬಾರಿ ಟೈರ್ ಹಾಕಿದರೂ ಅಂಚು ಹೋಗೋದೇ. ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಕೂಡ ಮತ್ತೆ ಸರಿಮಾಡಿಸಬೇಕು, ಬೋಲ್ಟ್ ತಿರುಗಿಸಿದರೆ ಅದೂ ಬದಲಾಗುತ್ತೆ.

200 ಟ್ರೆಡ್‌ವೇರ್‌ನಲ್ಲಿ (ಟೈರ್ ಸವೆತದ ರೇಟಿಂಗ್, ಕಡಿಮೆ ಇದ್ದಷ್ಟು ಬೇಗ ಸವೆಯುತ್ತೆ), 225/40 ಆರ್18 ಅಳತೆಗೆ, ಎರಡು ಕಣ್ಣಲ್ಲಿವೆ. ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಬೇಗ ಬಿಸಿಯಾಗಿ ಹಿಡಿತ ಕೊಡುತ್ತೆ, ಆದರೆ ಬೇಗ ಸವೆಯುತ್ತೆ. ಹ್ಯಾಂಕೂಕ್ ಆರ್‌ಎಸ್4 ನಿಧಾನವಾಗಿ ಬಿಸಿಯಾಗುತ್ತೆ, ಬಾಳಿಕೆ ಜಾಸ್ತಿ. ಲ್ಯಾಪ್ ಟೈಮ್ ಹುಚ್ಚಿಲ್ಲ, ಹಾಗಾಗಿ ಮನಸ್ಸು ಆರ್‌ಎಸ್4 ಕಡೆಗೆ.

ಕೇಳಬೇಕಾದ್ದು ಇಷ್ಟು:

ಜನವರಿ ಮಳೆಯಲ್ಲಿ, ಟ್ರೆಡ್ ಅರ್ಧ ಸವೆದ ಮೇಲೆ ಫ್ರೀವೇಲಿ ಆರ್‌ಎಸ್4 ನೀರಿನ ಮೇಲೆ ತೇಲುತ್ತಾ? ಎಷ್ಟು ಸ್ಪೀಡಲ್ಲಿ?

ಈ ಕಾರಿನ ತೂಕಕ್ಕೆ ಬಿಸಿ ಪ್ರೆಶರ್ (ಟ್ರ್ಯಾಕಲ್ಲಿ ಓಡಿ ಟೈರ್ ಕಾದಾಗಿನ ಗಾಳಿ ಒತ್ತಡ) ಎಷ್ಟು ಇಡ್ತೀರಿ? ನನ್ನ ಅಂದಾಜು 34–35 ಪಿಎಸ್‌ಐ. (ಅದಕ್ಕೆ ಸೆಷನ್‌ಗಳ ಮಧ್ಯೆ ಗಾಳಿ ಬಿಟ್ಟವರು ಮನೆಗೆ ಹೊರಡುವ ಮುಂಚೆ ತುಂಬಿಸೋದು ಮರೀಬೇಡಿ, ತಣ್ಣಗಾದರೆ ತೀರಾ ಇಳಿದಿರುತ್ತೆ.)

225 ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ತಾಗುತ್ತಾ? ಹಾಕಿಸಿದವರು ಫೋಟೋ ಹಾಕಿದರೆ ಇನ್ನೂ ಒಳ್ಳೇದು.