ಅಪ್‌ಡೇಟ್: ಹಿಮದಲ್ಲಿ ಗುಂಡು ಹಾರದ ರೈಫಲ್, ಕಾರಣ ಸಿಕ್ಕಿತು

ಮೊದಲು ಕೇಳಿದ್ದು ಇಷ್ಟು: ಹಿಮ ಬಿದ್ದ ಬೆಟ್ಟದ ಕಾಡಿನ ಜಿಂಕೆ ಬೇಟೆಯಲ್ಲಿ, ಮೈನಸ್ 15 ಡಿಗ್ರಿ ಚಳಿಗೆ ಟ್ರಿಗರ್ ಒತ್ತಿದರೂ ಗುಂಡು ಹಾರುತ್ತಿಲ್ಲ, ಗುರಿ ನೋಡುವ ಸ್ಕೋಪ್ ಕೂಡ ಮಸುಕಾಗುತ್ತಿದೆ, ಏಕೆ? ತೋಟಾಗಳದ್ದೇನೂ ತಪ್ಪಿಲ್ಲ.

ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಒಳಗಿನ ಎಣ್ಣೆ ಚಳಿಗೆ ಅಂಟಿನಂತಾಗಿ ಫೈರಿಂಗ್ ಪಿನ್ನಿನ, ಅಂದರೆ ತೋಟಾದ ಬುಡಕ್ಕೆ ಬಡಿಯುವ ಮೊಳೆಯ, ಹೊಡೆತವೇ ಸೊರಗಿತ್ತು. ಪ್ರೈಮರ್ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಮೇಲೆ ಪಿನ್ನು ಬಡಿದ ಗುಳಿ ತೀರಾ ಮೇಲುಮೇಲಕ್ಕಿತ್ತು, ಸುಳಿವು ಅದೇ. ಬೋಲ್ಟ್ ಬಿಚ್ಚಿ, ಪಿನ್ನು ಮತ್ತು ಸ್ಪ್ರಿಂಗಿನ ಜಿಡ್ಡನ್ನು ಪೂರ್ತಿ ತೊಳೆದು, ಒಣಗಿಸಿ, ಚಿಟಿಕೆ ಗ್ರ್ಯಾಫೈಟ್ ಪುಡಿ ಹಾಕಿದ ಮೇಲೆ ಸರಿಹೋಯಿತು. ಅಂದಹಾಗೆ, ಹಾರದ ಗುಂಡನ್ನು ತಕ್ಷಣ ಹೊರತೆಗೆಯಬೇಡಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಕೆಲವು ತಡವಾಗಿ ಸಿಡಿಯುತ್ತವೆ.

ಮಸುಕಿನ ಮೂಲ ಬೆಚ್ಚಗಿನ ಕೋಣೆ. ತಣ್ಣಗಿನ ಬಂದೂಕನ್ನು ಒಳಗೆ ತಂದ ಕೂಡಲೇ ಲೋಹ, ಗಾಜು ಎರಡೂ ಬೆವರುತ್ತವೆ. ಮತ್ತೆ ಚಳಿಗೆ ಒಯ್ದರೆ ಆ ನೀರೇ ಹೆಪ್ಪುಗಟ್ಟುತ್ತದೆ. ರಾತ್ರಿ ತೋಟಾ ತೆಗೆದು, ಬಿಸಿಯಿಲ್ಲದ ಕಡೆ ಬೀಗ ಹಾಕಿಡುವುದೇ ಲೇಸು. ಒಳಗೆ ತರಲೇಬೇಕಾದರೆ ಮುಚ್ಚಿದ ಕೇಸಿನಲ್ಲೇ ಕೆಲವು ಗಂಟೆ ಬಿಡಿ.

ಹಿಮ ಒಳಹೋಗದಂತೆ ನಳಿಗೆಯ ಬಾಯಿಗೆ ಒಂದೇ ಪದರ ಇನ್ಸುಲೇಷನ್ ಟೇಪ್ ಸಾಕು. ಒಳಗೆ ಹಿಮ ಹೊಕ್ಕಿದ್ದರೆ ಗುಂಡು ಹಾರಿಸಿದಾಗ ನಳಿಗೆ ಸಿಡಿಯಬಹುದು. ಟೇಪನ್ನು ಗುಂಡಿನ ಮುಂದಿನ ಗಾಳಿಯೇ ಹರಿದುಹಾಕುವುದರಿಂದ ಗುರಿ ಕೆಡುವ ಭಯವಿಲ್ಲ.