ಕಾಜುಬಾಗದ ಕೂಸಿಗೆ ದೊಡ್ಡಮ್ಮನ ವಾಯ್ಸ್ ಮೆಸೇಜು: ‘ಎಲ್ಲಾ ಫ್ರೀ’ ಅಂದವನ ಬಗ್ಗೆ

ಹಲೋ... ಕೇಳ್ತದಾ? ಕೆಂಪು ಚುಕ್ಕೆ ಮಿಣುಕ್ತಾ ಇದೆ, ರೆಕಾರ್ಡ್ ಆಗ್ತದೆ ಕಾಣ್ತದೆ. ಕೂಸೇ, ನೀ ರಾತ್ರಿ ಗ್ರೂಪಿಗೆ ಹಾಕಿದ್ದು ಬೆಳಿಗ್ಗೆ ಚಾ ಕುಡಿಯೂವಾಗ ನೋಡಿದೆ. ಕಾರವಾರದ ಕಾಜುಬಾಗದ ಬಾಡಿಗೆ ಮನೆಗೆ ನೆಟ್ ಹಾಕ್ಸಬೇಕು, ಜಾಹೀರಾತಲ್ಲಿ ತಿಂಗಳಿಗೆ 399 ಅಂತದೆ, ಬಂದ ಹುಡುಗ ವರ್ಷದ್ದು ಒಮ್ಮೆಲೇ ಕಟ್ಟಿದ್ರೆ ಎಲ್ಲಾ ಫ್ರೀ ಅಂತಾನೆ, ಫಾರ್ಮಿನ ಹಿಂದೆ ಮಾತ್ರ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ, ನಾಳೆ ಸಹಿ ಹಾಕ್ಲಾ ಬೇಡ್ವಾ, ಹೆದ್ರಿಕೆ ಆಗ್ತದೆ ಅಂತ ಕೇಳಿದ್ದಿ. ಅದಕ್ಕೆ ನಿನ್ನ ಅಣ್ಣ ಒಂದು ಹೆಬ್ಬೆಟ್ಟಿನ ಚಿತ್ರ ಹಾಕಿ ಸುಮ್ಮನಾದ. ಹೆಬ್ಬೆಟ್ಟು ಒತ್ತಿಯೇ ನಿನ್ನ ದೊಡ್ಡಪ್ಪ ಮುಳುಗಿದ್ದು ಮಾರಾಯ್ತಿ.

ಬಯಲುಸೀಮೆ ಅಳಿಯಂದಿರೂ ಗ್ರೂಪಲ್ಲಿದ್ದಾರೆ, ಅವ್ರಿಗೂ ತಿಳೀಲಿ ಅಂತ ಮನೆ ಮಾತು ಬಿಟ್ಟು ಪ್ಯಾಟೆ ಮಾತಲ್ಲೇ ಹೇಳ್ತೆ.

2020ರ ಶಿರಸಿ ಮಾರಿಜಾತ್ರೆ ನೆನಪುಂಟಲ್ಲ? ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್ ಬಂತು, ನಮ್ಮ ಮಾಣಿ ಬೆಂಗಳೂರಿಂದ ಲ್ಯಾಪ್‌ಟಾಪ್ ಹೊತ್ಕೊಂಡು ಬಂದ. ಮನೆಯಲ್ಲಿ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್. ಅವ ಗುಡ್ಡದ ಮೇಲೆ ಗೇರುಮರದ ಬುಡದಲ್ಲಿ ಕೂತು ಆಫೀಸಿನ ಮೀಟಿಂಗ್ ಮಾಡ್ತಿದ್ದ, ಉಂಬಳ ಕಚ್ಚಿದ ಕಾಲು ತುರಿಸ್ಕೊಳ್ತಾ. ಆಗ ಒಬ್ಬ ಬಂದ. ಕಂಪನಿ ಹೆಸ್ರು ಬೇಡ, ಮನೆಯವ್ರಿಗೆಲ್ಲ ಗೊತ್ತೇ ಉಂಟು. ‘ದೊಡ್ಡಮ್ಮಾ, ತಿಂಗಳಿಗೆ 499, ಇನ್‌ಸ್ಟಾಲೇಷನ್ ಫ್ರೀ, ರೂಟರ್ ಫ್ರೀ’ ಅಂದ. ನಾನು ಒಳಗೆ ದೋಸೆ ಹೊಯ್ತಾ ಇದ್ದೆ. ನಿನ್ನ ದೊಡ್ಡಪ್ಪ ಜಗಲಿಯಲ್ಲಿ ಕೂತು ಅವ್ನಿಗೆ ಕವಳ ಕೊಟ್ಟು, ಎಲ್ಲದಕ್ಕೂ ಹೂಂ ಅಂದು, ಮೊಬೈಲಲ್ಲಿ ಬಂದ ನಂಬರನ್ನೂ ಓದಿ ಹೇಳಿ ಮುಗಿಸಿದ್ರು.

ಆಮೇಲೆ ಗೊತ್ತಾದದ್ದು, ಫ್ರೀ ಆಗಬೇಕಾದ್ರೆ ಆರು ತಿಂಗಳದ್ದು ಮುಂಗಡ ಕಟ್ಟಬೇಕು. 499 ಅನ್ನೂದು ಜಿಎಸ್‌ಟಿ ಬಿಟ್ಟು. 18 ಪರ್ಸೆಂಟ್ ಸೇರಿಸಿದ್ರೆ 589 ಹತ್ರ, ಆರು ತಿಂಗಳಿಗೆ 3,533. ರೂಟರ್ ಫ್ರೀ ಹೌದು, ಆದ್ರೆ ಅದಕ್ಕೆ 1,500 ಡಿಪಾಸಿಟ್. ವೈರ್ 100 ಮೀಟರ್ ತನಕ ಫ್ರೀ, ಮೇಲೆ ಮೀಟರಿಗೆ 15 ರೂಪಾಯಿ. ನಮ್ಮ ಮನೆ ಎಲ್ಲುಂಟು ನಿಂಗೆ ಗೊತ್ತಲ್ಲ, ರಸ್ತೆ ಬಿಟ್ಟು, ಸಂಕ ದಾಟಿ, ತೋಟದ ತುದಿಗೆ. 340 ಮೀಟರ್ ಅಳೆದ ಆ ಪುಣ್ಯಾತ್ಮ! 240 ಮೀಟರಿಗೆ 3,600. ಒಟ್ಟೂ 8,633 ರೂಪಾಯಿ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ, ಇವತ್ತಿಗೂ ತೋರಿಸ್ತೆ. 499ಕ್ಕೆ ಹೂಂ ಅಂದವ್ರ ಕೈಯಿಂದ ಹೋದದ್ದು 8,633.

ಹಾಗಾಗಿ ಫ್ರೀ ಅಂತ ಯಾರಾದ್ರೂ ಅಂದ್ರೆ ಕೂಡ್ಲೇ ಕೇಳು: ಯಾವುದು ಫ್ರೀ, ಎಲ್ಲಿ ತನಕ ಫ್ರೀ, ಎಂತ ಕಟ್ಟಿದ್ರೆ ಫ್ರೀ?

ಕಥೆ ಅಲ್ಲಿಗೆ ಮುಗೀಲಿಲ್ಲ. ಆರು ತಿಂಗಳಾದ ಮೇಲೆ 499 ಹೋಗಿ 699 ಆಯ್ತು. ಎಂತಕ್ಕೆ ಕೇಳಿದ್ರೆ ‘ಅದು ಹೊಸಬರಿಗೆ ಮಾತ್ರ ಇದ್ದ ದರ’ ಅಂದ್ರು. ಮರುವರ್ಷ ಮೇ ತಿಂಗಳ ಗುಡುಗಿಗೆ ರೂಟರಿನ ಅಡಾಪ್ಟರ್ ಸುಟ್ಟು ವಾಸನೆ ಬಂತು. ಫೈಬರ್ ಅಂದ್ರೆ ಗಾಜಿನ ಎಳೆ, ಸಿಡಿಲು ಅದ್ರಲ್ಲಿ ಬರೂದಲ್ಲ, ಕರೆಂಟಿನ ಲೈನಲ್ಲಿ ಬರೂದು. ಅಂದಿನಿಂದ ಮೋಡ ಕಪ್ಪಾದ್ರೆ ಮೊದ್ಲು ಪ್ಲಗ್ ತೆಗೆಯೂದು, ಆಮೇಲೆ ಅಂಗಳದ ಅಡಿಕೆಗೆ ಟಾರ್ಪಾಲು. ಶಿರಸಿ ಪ್ಯಾಟೆಯಲ್ಲಿ 350 ಕೊಟ್ಟು ಬೇರೆ ಅಡಾಪ್ಟರ್ ತಂದೆವು. ಮಾಣಿ ಬೆಂಗಳೂರಿಗೆ ವಾಪಸ್ ಹೋದ ಮೇಲೆ ಕನೆಕ್ಷನ್ ಬಂದ್ ಮಾಡಿ ಅಂದ್ರೆ, ‘ಒರಿಜಿನಲ್ ಅಡಾಪ್ಟರ್ ಇಲ್ಲ’ ಅಂತ ಡಿಪಾಸಿಟಿನಲ್ಲಿ 800 ಹಿಡಿದ್ರು. ಉಳಿದ 700 ಖಾತೆಗೆ ಬರ್ತದೆ ಅಂದದ್ದು, ಇವತ್ತಿನ ತನಕ ಇಲ್ಲ. ರಶೀದಿ ಕೇಳಿದ್ರು. ದೊಡ್ಡಪ್ಪ ಅದ್ರಲ್ಲಿ ಸುಣ್ಣ ಕಟ್ಟಿ ಕವಳದ ಸಂಚಿಗೆ ಹಾಕಿದ್ರು.

ಮತ್ತೆ ಆ ವೈರಿನ ವಿಷಯ! ಕೆಳಗಿನ ಮನೆಯವ್ರು ಈ ಗ್ರೂಪಲ್ಲಿಲ್ಲ, ಇದ್ರೂ ನಂಗೇನು. ಅವ್ರ ತೋಟದ ಅಂಚಲ್ಲಿ ಹಾಯಿಸಿದ್ರೆ 340 ಅಲ್ಲ, 200 ಮೀಟರಲ್ಲಿ ಮುಗೀತಿತ್ತು. ಎರಡು ಅಡಿಕೆ ಮರಕ್ಕೆ ವೈರ್ ಕಟ್ಟಬೇಕಿತ್ತು, ಅಷ್ಟೇ. ‘ಅಡಿಕೆ ಕೊನೆ ಕೊಯ್ಯೂವವ್ನಿಗೆ ಅಡ್ಡ ಬರ್ತದೆ’ ಅಂದ್ರು. ಅಡ್ಡ ಬಂತಾ? ಅವ್ರ ಇಬ್ಬರು ಮಕ್ಕಳೂ ಒಂದು ವರ್ಷ ನಮ್ಮ ಜಗಲಿಯಲ್ಲೇ ಕೂತು ಆನ್‌ಲೈನ್ ಕ್ಲಾಸು ಮುಗಿಸಿದ್ರು. ನಾನು ಬೇಡ ಅಂದ್ನಾ? ಕಲಿಯೂ ಮಕ್ಕಳು, ಬಾಳೆಹಣ್ಣಿನ ರೊಟ್ಟಿ ಮಾಡಿದ ದಿನ ಅವಕ್ಕೂ ಒಂದೊಂದು ಕೊಟ್ಟೆ. ಪಾಸ್‌ವರ್ಡ್ ಅವ್ರ ಮನೆ ಗೋಡೆ ಮೇಲೆ ಪೆನ್ಸಿಲಲ್ಲಿ ಬರ್ಕೊಂಡಿದ್ರು ಅಂತ ಆಮೇಲೆ ಗೊತ್ತಾಯ್ತು. ರಾತ್ರಿ ನಮ್ಮ ಅಂಗಳದ ತುದಿಯಲ್ಲಿ ಬ್ಯಾಟರಿ ಬೆಳಕು ಕಂಡ್ರೆ ನಾನು ಕಾಡುಹಂದಿ ಕಾಯೂಕೆ ಬಂದವ್ರು ಅಂದ್ಕೊಂಡಿದ್ದೆ. ನೋಡಿದ್ರೆ ಅವ್ರ ಯಜಮಾನ ಅಡಿಕೆ ರೇಟು ನೋಡ್ತಾ ನಿಂತಿದ್ದ! ಇಷ್ಟಾಗಿ ಮೊನ್ನೆ ಅವ್ರ ಮನೆ ಉಪನಯನದ ಕರೆಯಕ್ಕೆ ಬಂದವ್ರು ನಮ್ಮ ಹೊಸಿಲೂ ದಾಟ್ಲಿಲ್ಲ, ಹೊರಗಿಂದಲೇ ಕಾಗದ ಕೊಟ್ಟು ಹೋದ್ರು. ಹೋಗ್ಲಿ. ನಿಮ್ಮ ಅಜ್ಜ ಇದ್ದಿದ್ರೆ ಬೇರೆ ಮಾತಾಗ್ತಿತ್ತು.

ಎಲ್ಲಿದ್ದೆ? ಹಾಂ, ಫ್ರೀ. ಮತ್ತೆ ಹೇಳ್ತೆ, ಮರೀಬೇಡ: ಯಾವುದು ಫ್ರೀ, ಎಲ್ಲಿ ತನಕ, ಎಂತ ಕಟ್ಟಿದ್ರೆ? ಚಾಲಿ ಅಡಿಕೆ ಮಾರೂವಾಗ ಟೆಂಡರಿನ ದರ ಕೇಳಿ ನಾವು ಹಿಗ್ತೇವಾ? ಹಮಾಲಿ, ಕಮಿಷನ್ ಎಲ್ಲಾ ಕಳೆದು ಪಟ್ಟಿ ಕೈಗೆ ಬಂದ ಮೇಲಲ್ವಾ ದುಡ್ಡು ಎಷ್ಟು ಅಂತ ಗೊತ್ತಾಗೂದು. ಇವ್ರದ್ದೂ ಹಾಗೇ, ಬೋರ್ಡಿನ ದರ ಬೇರೆ, ಪಟ್ಟಿ ಬೇರೆ.

ಅಯ್ಯೋ, ಕುಕ್ಕರ್ ಕೂಗ್ತು. ತಡಿ.

ಬಂದೆ. ಕೂಸೇ, ನೀ ಕೇಳಿದ್ದು ವರ್ಷದ್ದು ಒಮ್ಮೆಲೇ ಕಟ್ಟೂದಾ ಅಂತ ಅಲ್ದಾ? ಅದನ್ನೇ ಹೇಳದೆ ಕೂತೆ ನೋಡು. ಕಟ್ಟಬೇಡ. ನಿನ್ನ ಗಂಡನಿಗೆ ಹತ್ತು ತಿಂಗಳಲ್ಲಿ ಟ್ರಾನ್ಸ್‌ಫರ್ ಆಗಬಹುದು ಅಂತ ನೀನೇ ದೀಪಾವಳಿಗೆ ಬಂದಾಗ ಹೇಳಿದ್ದಿ. 399ಕ್ಕೆ ಜಿಎಸ್‌ಟಿ ಸೇರಿ 471 ಹತ್ರ, ವರ್ಷಕ್ಕೆ 5,650. ಮಧ್ಯೆ ಮನೆ ಬಿಟ್ರೆ ಉಳಿದ ತಿಂಗಳಿಂದು ಕೊಡ್ತಾರಾ ಕೇಳು. ಕೊಡೂದಿಲ್ಲ ಅಂದ್ರೆ ತಿಂಗಳು ತಿಂಗಳು ಕಟ್ಟೂ ಪ್ಲಾನೇ ತಗೋ. ಅದಕ್ಕೆ ಹಾಕ್ಸೂ ಚಾರ್ಜು ಅಂತ ಒಂದಿಷ್ಟು ಹೇಳಬಹುದು, ಎರಡು ತಿಂಗಳ ನೆಟ್ಟಿನ ದುಡ್ಡಿಗಿಂತ ಕಡಿಮೆ ಇದ್ರೆ ಅದೇ ಲಾಭ. ಬೇರೆ ಊರಿಗೆ ಶಿಫ್ಟ್ ಮಾಡೂಕೆ ಎಷ್ಟು, ಅದನ್ನೂ ಈಗಲೇ ಕೇಳು.

ಆ ಹುಡುಗನಿಗೆ ಬಾಯಲ್ಲಿ ಹೇಳೂದು ಬೇಡ, ವಾಟ್ಸಪ್ಪಲ್ಲಿ ಬರ್ದು ಕಳ್ಸು ಅನ್ನು: ಮೊದ್ಲ ದಿನ ನನ್ನ ಕೈಯಿಂದ ಒಟ್ಟೂ ಎಷ್ಟು ಹೋಗ್ತದೆ, ಅದ್ರಲ್ಲಿ ವಾಪಸ್ ಬರೂದು ಎಷ್ಟು, ಈ ದರ ಎಷ್ಟು ತಿಂಗಳು. ಬರ್ದು ಕೊಡ್ಲಿಲ್ಲ ಅಂದ್ರೆ ಕಾರವಾರದಲ್ಲಿ ಇನ್ನೊಬ್ಬ ಸಿಗ್ತಾನೆ ಬಿಡು. ಸಿನಿಮಾ ಆ್ಯಪ್ ಫ್ರೀ ಅಂದ್ರೆ ಎಷ್ಟು ತಿಂಗಳು ಅಂತ ಕೇಳು. ಫಾರ್ಮಲ್ಲಿ ಆಟೋಪೇ, ಅಂದ್ರೆ ಖಾತೆಯಿಂದ ತನ್ನಷ್ಟಕ್ಕೇ ದುಡ್ಡು ಹೋಗೂದು, ಅಂತ ಟಿಕ್ ಇದ್ರೆ ತೆಗೆಸು. ಅನ್‌ಲಿಮಿಟೆಡ್ ಅಂದ್ರೂ ಸುಮಾರು ಪ್ಲಾನಲ್ಲಿ ತಿಂಗಳಿಗೆ 3,300 ಜಿಬಿ ಅಂತ ಗೆರೆ ಇರ್ತದೆ, ಅದು ದಾಟಿದ್ರೆ ನಿಧಾನ. ನಿಮ್ಮಿಬ್ಬರಿಗೆ ಅದು ಮುಗಿಯೂದಿಲ್ಲ, ತಲೆಬಿಸಿ ಬೇಡ.

ರೂಟರ್ ಬಂದ ಕೂಡ್ಲೇ ಅದ್ರ ಹಿಂದಿನ ನಂಬರ್, ಅಡಾಪ್ಟರ್ ಎರಡ್ರದ್ದೂ ಫೋಟೋ ತೆಗೆದು ಈ ಗ್ರೂಪಿಗೇ ಹಾಕು, ಇಲ್ಲಿ ಕಳೆಯೂದಿಲ್ಲ. ಡಿಪಾಸಿಟಿನ ರಶೀದಿಯೂ. ಬಂದ್ ಮಾಡಿದ ಮೇಲೆ ಡಿಪಾಸಿಟ್ 45 ದಿನದೊಳಗೆ ಕೊಡಬೇಕು ಅಂತ ಫೋನು, ನೆಟ್ ಕಂಪನಿಗಳಿಗೆ ನಿಯಮ ಮಾಡೂ ಸರ್ಕಾರಿ ಸಂಸ್ಥೆ ಟ್ರಾಯ್‌ದು 2024ರ ನಿಯಮ ಉಂಟು, ಹುಬ್ಬಳ್ಳಿ ಭಾವ ಓದಿ ಹೇಳಿದ. ಕೊಡದಿದ್ರೆ ಮೊದ್ಲು ಕಂಪನಿಗೇ ದೂರು ಕೊಟ್ಟು ದೂರಿನ ನಂಬರ್ ಬರ್ಕೊ, ಆಮೇಲೆ ಗ್ರಾಹಕರ ಸಹಾಯವಾಣಿ 1915. ನಮ್ಮ 700ಕ್ಕೆ ನಂಗೆ ಇದೆಲ್ಲ ಆಗ ಗೊತ್ತಿರ್ಲಿಲ್ಲ.

ನಾಳೆ ಸಹಿ ಹಾಕೂ ಮೊದ್ಲು ಆ ಫಾರ್ಮಿನ ಹಿಂದಿನ ಪುಟದ ಫೋಟೋ ತೆಗೆದು ಕಳ್ಸು, ಮಾಣಿ ಹತ್ರ ದೊಡ್ಡದು ಮಾಡಿ ಓದಿಸ್ತೆ. ಕಳ್ಸೂವಾಗ ಕೆಳಗಿನ ಮನೆ ಉಪನಯನಕ್ಕೆ ನೀನು ಬರ್ತೀಯಾ ಅಂತಲೂ ಹೇಳು, ಬರೂದಾದ್ರೆ ಒಟ್ಟಿಗೇ ಹೋಗುವಾ.